ಕಾವಿಲ್ಲದ ಬೆಳಕು

ಮಗಳು ಹಾಲು ಕಕ್ಕಿದಳು. ಒರೆಸಲು ಹೋದ ಅವ್ವ, ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಾ ನಿಂತುಬಿಟ್ಟಳು.

ಬಟ್ಟೆಯಲ್ಲಿ ರಕ್ತ ಇತ್ತು.

ಅದು ಕೂಸಿನದಲ್ಲ, ನನ್ನದು ಎಂದು ತಿಳಿಯುವಷ್ಟರಲ್ಲಿ ನಾನೂ ಅವ್ವನೂ ಸಾಕಾಗುವಷ್ಟು ಅತ್ತಿದ್ದೆವು. ಹೆಬ್ಬಾಳದ ಡಾಕ್ಟರು ಮಗಳನ್ನು ನೋಡಿ, ಗಟ್ಟಿಗಿತ್ತಿ ಎಂದರು. ನನ್ನನ್ನು ನೋಡಿ ಮುಖ ಸಣ್ಣ ಮಾಡಿದರು. ಎರಡೂ ನಿಪ್ಪಲ್ ಸೀಳಿದ್ದವು. ಹಾಲುಣಿಸುವಾಗ ನೋವು ಇದ್ದದ್ದೇ ಎಂದು ಎಲ್ಲರೂ ಹೇಳಿದ್ದರಿಂದ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮಗಳು ಹಸಿದು ಅತ್ತರೆ ಸಾಕು, ನನ್ನ ಕಾಲ್ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಅವಳನ್ನು ಹತ್ತಿರ ತಂದರೆ ಹಿಂದಕ್ಕೆ ಸರಿಯುತ್ತಿದ್ದೆ. ಹೆತ್ತ ಕೂಸಿಗೆ ಹೆದರುವ ತಾಯಿ ನಾನೊಬ್ಬಳೇ ಇರಬೇಕು ಎಂದು ನಾಚಿಕೆಯಾಗುತ್ತಿತ್ತು.

ಗಂಡ ಬಸು ಹಾಲಿನ ಪೌಡರ್ ಡಬ್ಬಿ ತಂದಿಟ್ಟಿದ್ದ. ಡಬ್ಬಿ ಹಾಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಅವನ ತಂಗಿಯ ಮಗ ಅದನ್ನೇ ಕುಡಿದು ಗುಂಡಗೆ ಬೆಳೆದಿದ್ದಾನೆ. ಆದರೆ ನನಗೆ ನಾನೇ ಕುಡಿಸಬೇಕಿತ್ತು. ಯಾಕೆ ಅಂತ ಕೇಳಿದವರ ಮೇಲೆ ರೇಗುತ್ತಿದ್ದೆ, ಯಾಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ.

ಮಗು ಬರೀ ತುದಿ ಹಿಡಿದು ಎಳೆಯುತ್ತಿದೆ, ಬಾಯಿ ದೊಡ್ಡದಾಗಿ ತೆರೆದಾಗ ಹತ್ತಿರ ತರಬೇಕು ಎಂದು ನರ್ಸ್ ತೋರಿಸಿಕೊಟ್ಟರು. ಹೀಗೆ ಹಿಡಿಸುವುದಕ್ಕೆ ಲ್ಯಾಚ್ ಎನ್ನುತ್ತಾರಂತೆ. ಗಾಯಕ್ಕೆ ಲೈಟ್ ಥೆರಪಿ ಕೊಡೋಣ ಎಂದರು ಡಾಕ್ಟರು.

"ನೋಡಮ್ಮ, ಬೇಗ ಮಾಯೋಕೆ ಇದು ಸಹಾಯ ಮಾಡ್ಬಹುದು. ಎಲ್ರಿಗೂ ಒಂದೇ ಥರ ಆಗಲ್ಲ. ಲ್ಯಾಚ್ ಸರಿ ಹೋಗ್ದಿದ್ರೆ ಮತ್ತೆ ಸೀಳುತ್ತೆ."

ಬಾಣಂತನಕ್ಕೆಂದು ಬಾಗಲಕೋಟೆಯಿಂದ ಬಂದಿದ್ದ ಅವ್ವ, ಕೊಡಿಗೇಹಳ್ಳಿಯ ನಮ್ಮ ಬಾಡಿಗೆ ಮನೆಯ ಒಂದು ಕೋಣೆಗೆ ದಪ್ಪ ಪರದೆ ಎಳೆದು, ಮಂಚದ ಕೆಳಗೆ ಕೆಂಡದ ಶೆಗಡಿ ಇಟ್ಟಿದ್ದಳು. ಅಂಥ ಕೋಣೆಯಿಂದ ಬಾಣಂತಿಯನ್ನು ಬೆಳಕು ಹಾಕಿಸಿಕೊಳ್ಳಲು ಏರ್‌ಪೋರ್ಟ್ ರಸ್ತೆ ಹಿಡಿದು ಹೆಬ್ಬಾಳಕ್ಕೆ ಕಳಿಸುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ತುರುಕಿ ಕಳಿಸಿದಳು. ಅಲ್ಲಿ ಅದರ ಮೇಲೆ ನರ್ಸ್, ಕಣ್ಣಿಗೆ ಬೆಳಕು ಬೀಳದಿರಲೆಂದು ಕಪ್ಪು ಕನ್ನಡಕ ಹಾಕಿದರು. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬಸು, ವೆಲ್ಡಿಂಗ್ ಸೆಕ್ಷನ್‌ಗೆ ಒಬ್ಬರು ಬೇಕಾಗಿದ್ದಾರೆ, ಹೇಳಿಬಿಡಲೇ ಎಂದ.

ಟಾರ್ಚಿನಂಥ ಒಂದು ಉಪಕರಣದಿಂದ ಗಾಯದ ಮೇಲೆ ಕೆಂಪು ಬೆಳಕು ಬಿತ್ತು. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದಿರುವುದು ಎಂಥ ಸುಖ ಎಂಬುದು ಆಗ ನನಗೆ ತಿಳಿಯಿತು.

ಬೆಳಕು ಕೆಂಪಗಿತ್ತು ಎಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಕೆಂಪಗಿತ್ತಂದ್ರ ಕಾವು ಕೊಟ್ಟಾರ ಬಿಡು. ಅದಕ್ಕ ಅಲ್ಲೀತನ ಯಾಕ ಹೋಗ್ಬೇಕು, ನಮ್ಮ ಶೆಗಡಿ ಇಲ್ಲೇನು?"

ಮರುದಿನ ಅವ್ವ ನನ್ನನ್ನು ಶೆಗಡಿಯ ಮುಂದೆ ಬಗ್ಗಿಸಿ ಕೂರಿಸಿದಳು. ಸುಳ್ಳು ಯಾಕೆ, ಹಿತವಾಗಿತ್ತು. ಗಾಯ ಹಪ್ಪಳದ ಹಾಗೆ ಒಣಗಿತು. ಮಗಳು ಬಾಯಿ ಹಾಕಿದ ಕೂಡಲೇ ಮತ್ತೆ ಬಿರಿಯಿತು.

ನಾನು ಕಿರುಚಿದೆ. ಅವ್ವನ ಮೇಲೆ, ಶೆಗಡಿಯ ಮೇಲೆ, ಪಾಪ, ಬಸುವಿನ ಮೇಲೂ. ಅವನು ಸದ್ದಿಲ್ಲದೆ ಡಬ್ಬಿ ಒಡೆದು, ಹಾಲು ಕಲಸಿ ಒಳಲೆಯಲ್ಲಿ ಕುಡಿಸಿದ. ಮಗಳು ಚಪ್ಪರಿಸಿಕೊಂಡು ಕುಡಿದಳು. ಇಲ್ಲಿಗೆ ಮುಗಿಯಿತು ಅಂದುಕೊಂಡು ಗೋಡೆಗೆ ತಿರುಗಿ ಮಲಗಿದೆ.

ಮುಂದಿನ ಸಲ ಅವ್ವನೂ ಬಂದಳು. ನಡೆದದ್ದನ್ನು ಕೇಳಿದ ಡಾಕ್ಟರು ಬೈಯಲಿಲ್ಲ. ಅವಳಿಗೂ ಕಪ್ಪು ಕನ್ನಡಕ ಕೊಟ್ಟು, ಕೈ ಚಾಚಿಸಿ ಅಂಗೈ ಮೇಲೆ ಬೆಳಕು ಹಿಡಿದರು. ಅವ್ವ ಕೈ ತಿರುಗಿಸಿ ನೋಡಿದಳು. ಇನ್ನೊಂದು ಕೈಯನ್ನೂ ಒಡ್ಡಿದಳು.

"ಕಾವಽ ಇಲ್ಲಲ್ಲ ಇದಕ್ಕ."

ಕಾವಿನಿಂದಲ್ಲ, ಬೆಳಕಿನಿಂದಲೇ ಇದು ಕೆಲಸ ಮಾಡೋದು ಎಂದರು ಡಾಕ್ಟರು. ಅವ್ವ ಮನೆಗೆ ಬಂದವಳೇ ಶೆಗಡಿಯನ್ನು ತನ್ನ ನೋಯುವ ಮೊಣಕಾಲಿನ ಹತ್ತಿರ ಎಳೆದುಕೊಂಡಳು. ಲ್ಯಾಚ್ ಕಾಣಬೇಕಲ್ಲ ಎಂದು ಪರದೆಯನ್ನೂ ಸರಿಸಿದಳು. ಅಂದಿನಿಂದ ಪ್ರತಿ ಫೀಡಿಂಗ್‌ಗೂ ಇನ್‌ಸ್ಪೆಕ್ಟರ್ ಥರ ಎದುರಿಗೇ ನಿಲ್ಲುತ್ತಿದ್ದಳು. ಬಾಯಿ ತೆರೆಯಲಿ, ಇನ್ನೂ ತೆರೆಯಲಿ, ಅವಸರ ಬೇಡ. ಅವಳ ಕಾಟಕ್ಕೆ ಬೇಸತ್ತು ನಾನು ಬೇಗ ಕಲಿತೆನೋ ಏನೋ.

ಗಾಯ ಮಾಯುತ್ತಾ ಬಂತು. ಬೆಳಕಿನಿಂದಲೋ, ಲ್ಯಾಚ್‌ನಿಂದಲೋ, ನನಗೆ ಗೊತ್ತಿಲ್ಲ. ಡಾಕ್ಟರೂ ಜಂಬ ಕೊಚ್ಚಿಕೊಳ್ಳಲಿಲ್ಲ. ಎಡಗಡೆ ಈಗಲೂ ಆಗಾಗ ಚುರುಗುಟ್ಟುತ್ತದೆ. ಡಬ್ಬಿ ಅಡುಗೆಮನೆಯಲ್ಲೇ ಇದೆ, ಇರಲಿ.

ಮೊನ್ನೆ ಬೆಳಿಗ್ಗೆ ಮಗಳು ಬಾಯಿ ಹಾಕಿದಾಗ ಎಂದಿನಂತೆ ಕಣ್ಣು ಮುಚ್ಚಿ ನೋವಿಗೆ ಕಾದೆ. ಬರಲಿಲ್ಲ. ಇನ್ನೂ ಕಾದೆ. ಗುಟುಕು ಗುಟುಕಾಗಿ ನುಂಗುವ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಮೈ ಕುಲುಕುವಷ್ಟು ನಕ್ಕುಬಿಟ್ಟೆ. ಹಿಡಿತ ತಪ್ಪಿದ ಮಗಳು ಸಿಟ್ಟಿನಿಂದ ರಾಗ ತೆಗೆದಳು.

"ನಗಬ್ಯಾಡ, ಕೂಸು ಕುಡೀಲಿ," ಎಂದು ಗದರಿದ ಅವ್ವನೂ ನಗುತ್ತಿದ್ದಳು.

ಮಗಳು ಮತ್ತೆ ಬಾಯಿ ದೊಡ್ಡದಾಗಿ ತೆರೆದಳು. ಈ ಸಲ ನಾನೇ ಅವಳನ್ನು ಎಳೆದುಕೊಂಡೆ.