ಭಾವನವರ ಹೆಸರಿನ ಮೀಟರು

ಅತ್ತೆ ತೀರಿಕೊಂಡ ವರ್ಷದೊಳಗೇ ಪರೇಲಿನ ನಮ್ಮ ಮನೆ ಎರಡಾಯಿತು. ಮಾವನವರು ವಿಜಾಪುರದಿಂದ ಮುಂಬಯಿಗೆ ಬಂದಾಗ ಹಿಡಿದಿದ್ದ ಬಾಡಿಗೆ ಮನೆ ಅದು. ಒಂದು ದೊಡ್ಡ ಹಾಲು, ಹಿಂದೆ ಎರಡು ಸಣ್ಣ ಕೋಣೆ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವನವರು, ಬಟ್ಟೆಯ ವ್ಯಾಪಾರಿ. ನನ್ನವರು ಫೋರ್ಟಿನ ಒಂದು ಆಫೀಸಿನಲ್ಲಿ ಕಾರಕೂನ. ಒಲೆ ಬೇರೆಯಾದ ವಾರದಲ್ಲೇ ಭಾವನವರು ಬಡಗಿಯನ್ನು ಕರೆಸಿ ಹಾಲಿನ ನಡುವೆ ಪ್ಲೈವುಡ್ಡಿನ ಗೋಡೆ ನಿಲ್ಲಿಸಿದರು. ಗಾಳಿಯಾಡಬೇಕೆಂದು ಅದನ್ನು ಛತ್ತಿನವರೆಗೆ ಏರಿಸಲಿಲ್ಲ. ಹಾಲಿನ ದೀಪ ಸರಿಯಾಗಿ ಆ ಗೋಡೆಯ ನೆತ್ತಿಯ ಮೇಲೆ ತೂಗುತ್ತಿತ್ತು. ಬೆಳಕು ಎರಡೂ ಕಡೆ ಬೀಳುತ್ತಿತ್ತು. ಸ್ವಿಚ್ಚು ಅವರ ಕಡೆ ಇತ್ತು.

ಸಂಜೆ ನನ್ನವರು ಬಂದು ತಾಟಿನ ಮುಂದೆ ಕೂತರೆ ಸಾಕು, ಗೋಡೆಯಾಚೆ ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಟಪ್ಪೆಂದು ಸ್ವಿಚ್ಚು ಆರಿಸುತ್ತಿದ್ದಳು. ಮೊದಮೊದಲು ಆಕಸ್ಮಿಕವೆಂದುಕೊಂಡೆ. ಆಮೇಲೆ ಒಂದು ದಿನ ಅವಳು ತನ್ನ ಮಗಳಿಗೆ ಹೇಳುವುದು ಕೇಳಿಸಿತು: "ಆ ಕಡೀಗೆ ಊಟಕ್ಕ ಕುಂತಾರ. ದೀಪ ಹಚ್ಚಿ ನಾವ್ಯಾಕ ಉಣಿಸಬೇಕು?" ಅಂದಿನಿಂದ ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿ ಇವತ್ತಿಗೂ ಪೂರ್ತಿ ಆರಿದೆಯೆಂದು ನಾನು ಹೇಳಲಾರೆ.

ಬಾಗಿಲ ಮೇಲಿದ್ದ ಮೀಟರು ಒಂದೇ. ಮಾವನವರ ನಂತರ ಅದು ಭಾವನವರ ಹೆಸರಿಗಾಗಿತ್ತು. ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಅವರು ಅರ್ಧ ಕೇಳುತ್ತಿದ್ದರು, ನನ್ನವರು ತುಟಿ ಬಿಚ್ಚದೆ ಕೊಡುತ್ತಿದ್ದರು. ಅವರ ಕಡೆ ಫ್ಯಾನು, ರೇಡಿಯೋ, ಇಸ್ತ್ರಿಪೆಟ್ಟಿಗೆ, ಮಕ್ಕಳ ಓದಿಗೆ ಇನ್ನೊಂದು ದೀಪ. ನಮ್ಮ ಕಡೆ ಕೋಣೆಯಲ್ಲೊಂದು ನಲವತ್ತು ವಾಟಿನ ಬಲ್ಬು, ಮತ್ತೆ ಅವರು ಮನಸ್ಸು ಮಾಡಿದಾಗ ಹಾಲಿನ ಅರ್ಧ ಬೆಳಕು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿದವಳು. ಸಾವಿರ ವಾಟು ಒಂದು ಗಂಟೆ ಉರಿದರೆ ಒಂದು ಯುನಿಟ್ಟು ಎಂಬುದು ಗೊತ್ತಿತ್ತು. ನಮ್ಮ ಬಲ್ಬು ಒಂದು ಯುನಿಟ್ಟು ತಿನ್ನಬೇಕಾದರೆ ಇಪ್ಪತ್ತೈದು ಗಂಟೆ ಬೇಕು. ಅವರ ಇಸ್ತ್ರಿಪೆಟ್ಟಿಗೆ ಅದನ್ನು ಎರಡು ಗಂಟೆಯಲ್ಲಿ ಮುಗಿಸುತ್ತಿತ್ತು. ಇದನ್ನು ನನ್ನವರಿಗೆ ವಿವರಿಸಿದೆ.

"ಅಣ್ಣನ ಸಂಗಾಟ ಲೆಕ್ಕಾ ಹಾಕೂದೇನ?" ಎಂದರು ಅವರು.

"ಅವರು ನಿಮ್ಮ ಸಂಗಾಟ ಹಾಕಲಿಕ್ಕೆ ಹತ್ಯಾರಲ್ಲ."

ಅವರು ಮಗ್ಗುಲು ಬದಲಿಸಿ ಪೇಪರು ಬಿಡಿಸಿಕೊಂಡರು.

ಆಗ ಸೊಸೆಯಾದವಳು ಭಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ನಾನು ಹೇಳಬೇಕಾದುದನ್ನು ನೆಗೆಣ್ಣಿಗೆ ಹೇಳಬೇಕು, ಅದೂ ಭಾವನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಪ್ಲೈವುಡ್ಡು ಅದಕ್ಕೆ ಅನುಕೂಲವಾಗಿತ್ತು. ಒಂದು ಭಾನುವಾರ ಗೋಡೆಗೆ ಮುಖ ಮಾಡಿ ಹೇಳಿದೆ: "ಅಕ್ಕಾರ, ನಾವು ನಮ್ಮ ಲೈನಿಗೆ ಬ್ಯಾರೆ ಸಬ್‌ಮೀಟರ್ ಹಾಕಸ್ತೀವಿ. ಎಷ್ಟು ಸುಡತೀವಿ ಅಷ್ಟು ಕೊಡತೀವಿ."

ಆಚೆ ಬಟ್ಟಲು ಕೆಳಗಿಟ್ಟ ಸದ್ದಾಯಿತು. ಆಮೇಲೆ ಭಾವನವರು ತಮ್ಮ ಹೆಂಡತಿಗೆ ಹೇಳುವವರಂತೆ ಹೇಳಿದರು: "ಹಾಕಿಸ್ಕೊಳ್ಳಲಿ. ಆದರ ಮೀಟರ್ ನಾನs ಓದಾಂವ."

ತವರಿನವರು ದೀಪಾವಳಿಗೆ ಕೊಟ್ಟಿದ್ದ ದುಡ್ಡಿನಲ್ಲಿ ಹಳೆಯದೊಂದು ಸಬ್‌ಮೀಟರು ತರಿಸಿದೆ. ಅದರಲ್ಲಿ ಸಾಲಾಗಿ ನಾಲ್ಕು ಪುಟ್ಟ ಗಡಿಯಾರದ ಮುಖಗಳು: ಸಾವಿರ, ನೂರು, ಹತ್ತು, ಬಿಡಿ. ಪ್ರತಿಯೊಂದರಲ್ಲೂ ಒಂದು ಮುಳ್ಳು. ಒಂದರ ಮುಳ್ಳು ಬಲಕ್ಕೆ ತಿರುಗಿದರೆ ಪಕ್ಕದ್ದು ಎಡಕ್ಕೆ.

ಮೊದಲ ತಿಂಗಳು ಭಾವನವರು ಸ್ಟೂಲು ಹತ್ತಿ ಓದಿ, ಚೀಟಿಯಲ್ಲಿ ಅಂಕಿ ಬರೆದು ಕಳಿಸಿದರು. ನನ್ನ ಅಂದಾಜಿಗಿಂತ ಸರಿಯಾಗಿ ಹತ್ತು ಯುನಿಟ್ಟು ಹೆಚ್ಚು. ಅವರು ಅಂಗಡಿಗೆ ಹೋದ ಮೇಲೆ ನಾನೇ ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿದೆ. ನೆಗೆಣ್ಣಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಹತ್ತರ ಮುಖದಲ್ಲಿ ಮುಳ್ಳು ಮೂರನ್ನು ದಾಟಿ ನಾಲ್ಕರ ಹತ್ತಿರ ಬಂದಿತ್ತು. ಭಾವನವರು ಅದನ್ನು ನಾಲ್ಕೆಂದು ಓದಿದ್ದರು. ಆದರೆ ಬಿಡಿಯ ಮುಳ್ಳು ಇನ್ನೂ ಎಂಟರಲ್ಲೇ ಇತ್ತು. ಅದು ಸೊನ್ನೆಗೆ ಬರುವವರೆಗೆ ಹತ್ತರ ಮುಳ್ಳು ನಾಲ್ಕನ್ನು ಮುಟ್ಟುವುದಿಲ್ಲ. ಕೊನೆಯ ಎರಡು ಅಂಕಿ ಮೂವತ್ತೆಂಟಿದ್ದುದನ್ನು ಅವರು ನಲವತ್ತೆಂಟು ಮಾಡಿದ್ದರು.

ಸಂಜೆ ಅವರು ಬಂದು ಚಹಾ ಕುಡಿಯುವ ಸಪ್ಪಳ ಕೇಳಿಸಿದ ಮೇಲೆ ಗೋಡೆಗೆ ಹೇಳಿದೆ: "ಅಕ್ಕಾರ, ಮೂರೂ ಮುಕ್ಕಾಲು ಆದಾಗ ಗಡಿಯಾರದ ಸಣ್ಣ ಮುಳ್ಳು ನಾಕರ ಬಾಜೂಕs ಇರತೈತಿ. ಅದನ್ನ ನೋಡಿ ನಾಕ ಹೊಡೀತು ಅಂತಾರೇನ್ರಿ ಯಾರರೆ?"

"ಏನ ಅಂತೀಯೋ ನೆಟ್ಟಗ ಅನ್ನು," ಎಂದಳು ನೆಗೆಣ್ಣಿ.

"ಮುಳ್ಳು ದಾಟಿದ ಅಂಕಿ ಹಿಡೀಬೇಕು, ಮುಟ್ಟಬೇಕಾದ್ದನ್ನ ಅಲ್ಲ. ಹತ್ತು ಯುನಿಟ್ ನಮ್ಮ ತಲೀ ಮ್ಯಾಲೆ ಜಾಸ್ತಿ ಹಾಕ್ಯಾರ."

ಸ್ಟೂಲು ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚೀಟಿ ತಿದ್ದಿಕೊಂಡು ಬಂತು. ಮರುದಿನ ನೋಡಿದರೆ ಹಾಲಿನ ನಡುವಿನ ಹೋಲ್ಡರು ಬರಿದಾಗಿತ್ತು. ಬಲ್ಬನ್ನೇ ಬಿಚ್ಚಿ ತೆಗೆದಿದ್ದರು. ತಮಗೂ ಬೆಳಕಿಲ್ಲದಿದ್ದರೆ ಸರಿ, ನಮಗೆ ಬೀಳಬಾರದು.

ಮುಂದಿನ ತಿಂಗಳು ಓದಿದ್ದು ಸರಿಯಿತ್ತು, ಆದರೆ ದರ ಬದಲಾಗಿತ್ತು. ಕಂಪನಿಯ ಬಿಲ್ಲಿನಲ್ಲಿ ಮೊದಲ ಕೆಲವು ಯುನಿಟ್ಟುಗಳಿಗೆ ಹೆಚ್ಚು ದರ, ಅವು ಮುಗಿದ ಮೇಲಿನವಕ್ಕೆ ಕಡಿಮೆ. ಭಾವನವರು ನಮ್ಮ ಯುನಿಟ್ಟುಗಳೆಲ್ಲಕ್ಕೂ ಹೆಚ್ಚಿನ ದರ ಹಚ್ಚಿ, ಅಗ್ಗದವನ್ನೆಲ್ಲ ತಮಗಿಟ್ಟುಕೊಂಡಿದ್ದರು. ನಾನು ಗೋಡೆಗೆ ಕೇಳಿದೆ, ಇದು ಯಾವ ನ್ಯಾಯ ಅಂತ. ನೆಗೆಣ್ಣಿ ಪಾಠ ಮಾಡಿಸಿಕೊಂಡವಳಂತೆ ಉತ್ತರ ಕೊಟ್ಟಳು: "ಸ್ವಲ್ಪ ಸುಡಾವ್ರಿಗೆ ಜಾಸ್ತಿ ದರ, ಭಾಳ ಸುಡಾವ್ರಿಗೆ ಕಡಿಮಿ. ಕಂಪನೀನs ಹಂಗ ಬರದೈತಿ."

"ಹಂಗ ಬರದಿಲ್ಲರಿ. ನೀವು ಒಬ್ಬರs ಇದ್ರೂ ಮೊದಲಿನ ಯುನಿಟ್ಟಿಗೆ ಜಾಸ್ತೀನs ಕೊಡಬೇಕಿತ್ತು. ಬಿಲ್ಲಿನ ಒಟ್ಟು ಮೊತ್ತಾನ ಒಟ್ಟು ಯುನಿಟ್ಟಿನಿಂದ ಭಾಗಸ್ರಿ. ಬಂದದ್ದು ಇಬ್ಬರಿಗೂ ಒಂದs ದರ. ಅದನ್ನ ನಮ್ಮ ಯುನಿಟ್ಟಿಗೆ ಗುಣಸ್ರಿ, ಕೊಡತೀವಿ. ಅದಕಿಂತ ಒಂದು ಆಣೆ ಜಾಸ್ತಿ ಕೊಡಂಗಿಲ್ಲ."

ಭಾವನವರು ಎದ್ದು ಗೋಡೆ ಸುತ್ತಿ ನಮ್ಮ ಕಡೆ ಬಂದರು. ಮದುವೆಯಾಗಿ ಬಂದಂದಿನಿಂದ ನನ್ನ ಮುಖ ನೋಡಿ ಅವರು ಮಾತಾಡಿದ್ದು ಅದೇ ಮೊದಲು.

"ಮೀಟರ್ ಯಾರ ಹೆಸರಿಲೆ ಐತಿ?"

ನಾನು ಸೆರಗು ಎಳೆದುಕೊಂಡೆ. ಆದರೆ ತಲೆ ತಗ್ಗಿಸಲಿಲ್ಲ. "ನಿಮ್ಮ ಹೆಸರಿಲೆ."

"ಹಂಗಾರ ದರ ನಾ ಹೇಳಿದ್ದು. ಒಲ್ಲದಿದ್ರ ಕತ್ತಲ್ಯಾಗ ಇರ್ರಿ."

ಅವರು ನೆಟ್ಟಗೆ ಹೋಗಿ ನಮ್ಮ ಲೈನಿನ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡರು. ನನ್ನವರು ಅಲ್ಲೇ ಇದ್ದರು, ಚಪ್ಪಲಿ ಕೂಡ ಕಳಚಿರಲಿಲ್ಲ. ಅಣ್ಣನಿಗೂ ಏನೂ ಅನ್ನಲಿಲ್ಲ, ನನಗೂ ಅನ್ನಲಿಲ್ಲ. ಆ ಹೊತ್ತಿನಲ್ಲಿ ನನಗೆ ಭಾವನವರಿಗಿಂತ ನನ್ನವರ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಬೇರೆ ಮೀಟರು ಕೇಳಲು ಕಂಪನಿಯ ಕಚೇರಿಗೆ ಹೋದರೆ, ಮನೆ ಯಾರ ಹೆಸರಿನಲ್ಲಿದೆಯೋ ಅವರ ಸಹಿ ತನ್ನಿ ಎಂದರು. ಆ ಸಹಿ ಭಾವನವರದೇ. ನಾನು ಪೇಟೆಗೆ ಹೋಗಿ ಕಂದೀಲು ತಂದೆ. ಸುತ್ತಲಿನ ಬಿಲ್ಡಿಂಗುಗಳ ಕಿಟಕಿಗಳಲ್ಲೆಲ್ಲ ಬಿಜಲಿ, ನಮ್ಮ ಅರ್ಧ ಹಾಲಿನಲ್ಲಿ ಚಿಮಣಿ ಎಣ್ಣೆಯ ವಾಸನೆ. ನಮ್ಮ ಕಂದೀಲಿನ ಹೊಗೆ ಗೋಡೆಯ ಮೇಲಿನ ಸಂದಿಯಿಂದ ಆಚೆಗೂ ಹೋಗುತ್ತಿತ್ತು. ನೆಗೆಣ್ಣಿಗೆ ಕೆಮ್ಮು. ಗಂಜಿ ಹಾಕಿ ಒಣಗಿಸಿದ ಭಾವನವರ ಬಿಳಿ ಧೋತರಕ್ಕೆ ಮಸಿ ಕೂತಿದೆಯೆಂದು ಅವಳು ಕೂಗಾಡಿದಳು. ಬತ್ತಿ ತಗ್ಗಿಸಬಹುದಿತ್ತು. ನಾನು ಇನ್ನಷ್ಟು ಏರಿಸಿದೆ.

ಆ ಇಡೀ ಚಳಿಗಾಲ ಹಾಗೆಯೇ ಕಳೆಯಿತು. ನಲ್ಲಿಯ ಹತ್ತಿರ ನಾನು ಬಂದರೆ ಅವಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಅವಳ ಮಕ್ಕಳು ಚಿಕ್ಕಮ್ಮನಾದ ನನ್ನನ್ನು ಕಾಕೂ ಎಂದು ಕರೆಯುವುದನ್ನು ನಿಲ್ಲಿಸಿದರು. ಕಂದೀಲಿನ ಮುಂದೆ ಗಡ್ಡ ಹೆರೆದುಕೊಳ್ಳಲು ಹೋಗಿ ನನ್ನವರು ಗದ್ದ ಕೊಯ್ದುಕೊಂಡು ಆಫೀಸಿಗೆ ಹೋಗುತ್ತಿದ್ದರು. ನಮ್ಮಿಬ್ಬರ ನಡುವೆಯೂ ಬೇಕಾದಷ್ಟೇ ಮಾತು.

ಒಂದು ಸಂಜೆ ಅವರು ಬಂದವರೇ ಗೋಡೆಯಾಚೆ ಹೋದರು. ಕಂಪನಿಯ ಅರ್ಜಿ ಅವರ ಕೈಯಲ್ಲಿತ್ತು. ಮೆಲ್ಲಗೆ ಮಾತಾಡಿದ್ದರಿಂದ ನನಗೇನೂ ಕೇಳಿಸಲಿಲ್ಲ. ತಿರುಗಿ ಬಂದು ಅರ್ಜಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ನೀ ಬಂದು ವೈನಿ ಕಾಲಿಗೆ ಬಿದ್ದು ತಪ್ಪಾತು ಅಂದ್ರ ಅಣ್ಣ ಸಹಿ ಮಾಡತಾನಂತ," ಎಂದರು.

ನೆಗೆಣ್ಣಿಯ ಕಾಲಿಗೆ ಬೀಳೆಂದು ಇವರೂ ಹೇಳಲು ಬಂದಿದ್ದಾರೆಂದು ನಾನು ತಿಳಿದೆ. "ನೀವೇನಂದ್ರಿ?"

"ಬ್ಯಾರೆ ಮನಿ ಹುಡುಕತೀನಿ ಅಂದೆ."

ಅಷ್ಟು ದಿನ ಒಮ್ಮೆಯೂ ಅಳದವಳು ಆಗ ಅತ್ತುಬಿಟ್ಟೆ. ಅವರು ಸಂತೈಸಲಿಲ್ಲ. ಅಣ್ಣನಿಗೆ ಎದುರು ಮಾತಾಡುವಂತೆ ಮಾಡಿದ್ದಕ್ಕೆ ನನ್ನನ್ನು ಅವರು ಸುಲಭಕ್ಕೆ ಕ್ಷಮಿಸಲಾರರೆಂದು ಅವರ ಮುಖವೇ ಹೇಳುತ್ತಿತ್ತು.

ದಹಿಸರಿನಲ್ಲಿ ಸ್ಟೇಶನ್ನಿನಾಚೆ, ಗದ್ದೆಗಳ ಅಂಚಿನಲ್ಲಿ, ಎರಡು ಕೋಣೆಯ ಮನೆ ಸಿಕ್ಕಿತು. ಇವರಿಗೆ ಲೋಕಲಿನಲ್ಲಿ ನಿಂತು ನಿಂತು ಕಾಲು ಬಾತುಕೊಳ್ಳುತ್ತಿದ್ದವು. ಆ ಸಾಲಿಗೆ ವಿದ್ಯುತ್ತು ಬರಲು ಮತ್ತೊಂದು ವರ್ಷ ಹಿಡಿಯಿತು, ಅಷ್ಟರಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಿತ್ತು. ಮೀಟರು ಇವರ ಹೆಸರಿಗೇ ಬಂತು. ಮೊದಲ ಬಿಲ್ಲು ಬಂದಾಗ ಒಲೆಯ ಮುಂದೆಯೇ ಕೂತು ನಾನೇ ಲೆಕ್ಕ ಹಾಕಿ ನೋಡಿದೆ. ಹೆಚ್ಚು ದರದ ಯುನಿಟ್ಟುಗಳನ್ನೂ ನಾವು ಮುಗಿಸಿರಲಿಲ್ಲ. ಪೂರ್ತಿ ಬಿಲ್ಲು ದುಬಾರಿ ದರದ್ದೇ. ಕೊಡುವಾಗ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ನಮ್ಮ ಫ್ಯೂಜು ಕಿತ್ತ ಮೇಲೂ ಪರೇಲಿನ ಬಿಲ್ಲು ಹೆಚ್ಚೇನೂ ಇಳಿಯಲಿಲ್ಲವಂತೆ. ಬಾಂದ್ರಾದಲ್ಲಿ ನಡೆದ ಒಂದು ಮದುವೆಯಲ್ಲಿ ಸಂಬಂಧಿಕರೊಬ್ಬರು ಅದನ್ನು ಹೇಳಿದಾಗ ನಾನು ಎರಡನೆಯ ಸಲ ಹೇಳಿಸಿಕೊಂಡು ಕೇಳಿದೆ. ನೆಗೆಣ್ಣಿ ಅದೇ ಪಂಕ್ತಿಯ ಆಚೆ ತುದಿಯಲ್ಲಿ ಕೂತಿದ್ದಳು.

ಇವರು ಮಾತ್ರ ತಿಂಗಳಿಗೊಮ್ಮೆ ಆಫೀಸಿನಿಂದ ಅಣ್ಣನ ಅಂಗಡಿಗೆ ಹೋಗಿ ಬರುತ್ತಿದ್ದರು. ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಆ ದಿನ ಕೈಯಲ್ಲಿ ಅಣ್ಣ ಕೊಟ್ಟ ಅವಲಕ್ಕಿ ಚೂಡಾದ ಪೊಟ್ಟಣ ಇರುತ್ತಿದ್ದುದರಿಂದ ಗೊತ್ತಾಗುತ್ತಿತ್ತು. ಅವರು ಅದನ್ನು ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋಗುವರು. ನಾನು ಬಿಚ್ಚದೆ ಪಕ್ಕದ ಮನೆಯವರಿಗೆ ಕೊಟ್ಟು ಬರುವೆ. ಊಟಕ್ಕೆ ಕೂತಾಗ ಅದೆಲ್ಲಿ ಹೋಯಿತೆಂದು ಅವರೂ ಕೇಳಿದವರಲ್ಲ.