ಅಪ್ಪನ ಇಂಗ್ಲಿಷು, ಅವ್ವನ ಡಿಕ್ಷನರಿ

ಲಕ್ವಾ ಹೊಡೆದ ಮೇಲೆ ಅಪ್ಪನ ಬಾಯಿಂದ ಕನ್ನಡ ಹೋಯಿತು, ಇಂಗ್ಲಿಷು ಉಳಿಯಿತು. ಹೀಗಂದರೆ ಹಾನಗಲ್ಲಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಕಣ್ಣಾರೆ ಕಾಣುವ ತನಕ ನಾನೂ ನಂಬಿರಲಿಲ್ಲ. ಎರಡು ಭಾಷೆ ಬಲ್ಲವರಲ್ಲಿ ಹೀಗೂ ಆಗುವುದುಂಟು, ಕನ್ನಡ ತಿರುಗಿ ಬಂದರೂ ಬಂದೀತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದರು. ನಾವು ಆಡಿದ್ದೆಲ್ಲ ಅಪ್ಪನಿಗೆ ತಿಳಿಯುತ್ತಿತ್ತು. ತಿರುಗಿ ಹೇಳಹೋದರೆ ಮಾತ್ರ ತಿಣುಕಾಡಿ ತಿಣುಕಾಡಿ ಒಂದೇ ಒಂದು ಇಂಗ್ಲಿಷ್ ಶಬ್ದ ಹೊರಬೀಳುತ್ತಿತ್ತು.

ಅಪ್ಪ ತಿಳವಳ್ಳಿಯಲ್ಲಿ, ಆಮೇಲೆ ಹಿರೇಕೆರೂರಿನಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಾಗಿದ್ದವರು. ದಿನಾ ಬೋರ್ಡಿನ ಮೂಲೆಯಲ್ಲಿ ಒಂದು ಕಠಿಣ ಶಬ್ದ ಬರೆದು, ಮರುದಿನ ಹುಡುಗರು ಅದರ ಅರ್ಥ ನೋಡಿಕೊಂಡು ಬರಬೇಕು ಅನ್ನುತ್ತಿದ್ದರು. ಈಗ ಬಾಯಿಗೆ ಬರುತ್ತಿದ್ದವೂ ಅವೇ. ಸುಮ್ಮನೆ 'ಕೋಲ್ಡ್' ಅಂದಿದ್ದರೆ ಮುಗಿದುಹೋಗುತ್ತಿತ್ತು. ಅದಲ್ಲ, ಚಹಾ ಉಗುರುಬೆಚ್ಚಗಾಗಿದೆ ಅನ್ನಲು ಒಂದು ಗುಟುಕರಿಸಿ 'ಟೆಪಿಡ್' ಅನ್ನುವರು. ನಾನು ಕನ್ನಡ ಶಾಲೆಯ ಟೀಚರು, ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಶಾಲೆಯಿಂದ ದಣಿದು ಬಂದು, ಚೀಲವನ್ನೂ ಇಳಿಸುವ ಮೊದಲು ಇಂಥದೊಂದು ಶಬ್ದ ಎದುರಾದರೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಅವಳಿಗೆ ಸಿಟ್ಟಿರಲಿಲ್ಲ, ಒಂದು ಆಸೆಯಿತ್ತು. ಅಪ್ಪ ತನ್ನ ಕೂಡ ಮತ್ತೊಮ್ಮೆ ನಮ್ಮ ಮಾತಿನಲ್ಲಿ ಮಾತಾಡಬೇಕು.

"ಬೈದ್ರೂ ನಡೀತೈತಿ ನೋಡವಾ. ಆದ್ರ ನನಗ ತಿಳಿಯೂ ಹಂಗ ಬೈಲಿ" ಅನ್ನುವಳು.

ಅಲ್ಲಿಯವರೆಗೆ ಆಧಾರಕ್ಕೆ ಅಪ್ಪನ ಹಳೆಯ ಇಂಗ್ಲಿಷ್-ಕನ್ನಡ ಡಿಕ್ಷನರಿ ಇತ್ತು. ಗೋಣಿದಾರದಿಂದ ಹೊಲಿದ ಬೆನ್ನು. 'ಎಂ' ಅಕ್ಷರದ ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ ಎಂದರೆ ಅವ್ವ ಒಪ್ಪಳು. "ಅವರು ಕಲಿಸಿದ್ದು ಈ ಪುಸ್ತಕದ್ದು. ಇದರಾಗ ಇದ್ದದ್ದ ಖರೇ" ಎಂದು ಅದನ್ನೇ ನನ್ನ ಮಡಿಲಿಗೆ ಹಾಕುವಳು. ನಾನು ಅರ್ಥಗಳನ್ನು ಓದಬೇಕು, ಅವ್ವ ಅವನ್ನು ಒಂದೊಂದಾಗಿ ಅಪ್ಪನ ಮುಂದಿಡಬೇಕು. ಅಪ್ಪ ಕತ್ತು ಆಡಿಸಿದರೆ ಆ ಅರ್ಥ ಪಾಸು.

ಪಕ್ಕದ ಮನೆಯಾಕೆ ಬಂದು ಗಂಟೆಗಟ್ಟಲೆ ಕೂತೆದ್ದು ಹೋದ ದಿನ ಅಪ್ಪ 'ಲೊಕ್ವೇಷಸ್' ಅಂದರು. ಹುಡುಕಿದೆ. 'ವಾಚಾಳಿ' ಎಂದಿತ್ತು.

"ವಾಚಾಳಿ ಅಂದ್ರೇನವಾ?"

ಡಿಕ್ಷನರಿಯದು ಇದೊಂದು ತಂಟೆ. ಇಂಗ್ಲಿಷಿಗೆ ಅದು ಕೊಡುವ ಕನ್ನಡಕ್ಕೆ ಮತ್ತೊಂದು ಕನ್ನಡ ಬೇಕು. "ಬಾಯಿಬಡಕಿ" ಎಂದೆ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಪ್ಪನ ತುಟಿಯೂ ಒಂದು ಬದಿಗೆ ಅರಳಿತು.

ಸವಣೂರಿನಿಂದ ಚಿಕ್ಕಪ್ಪ ಅಲ್ಲಿಯ ಕುರುಕಲು ತಿಂಡಿ, ಖಾರದ ಪೊಟ್ಟಣ ತಂದಾಗ ಅಪ್ಪ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು 'ಪಂಜೆಂಟ್' ಎಂದರು. "ಘಾಟು, ಖಾರ" ಎಂದು ಓದಿದೆ.

"ಖಾರ ಖಾರ ಐತಿ ಅನ್ನಾಕ ಇಷ್ಟ ದಪ್ಪ ಪುಸ್ತಕ ಬೇಕಾತೇನ್ರಿ?" ಎಂದು ಅವ್ವ ಅಪ್ಪನನ್ನೇ ಛೇಡಿಸಿದಳು. ಛೇಡಿಸುವಾಗಲೂ ಅವಳ ಕಣ್ಣು ಅಪ್ಪನ ಬಾಯಿಯ ಮೇಲೇ ಇರುತ್ತಿತ್ತು, ಇನ್ನೇನು ಕನ್ನಡ ಬಂದೀತು ಎಂದು. ಬರುತ್ತಿರಲಿಲ್ಲ. ನೋಡಿ ನನಗೆ ಸಂಕಟವಾಗುತ್ತಿತ್ತು.

ಹಿಂದಿನ ಶ್ರಾವಣದಲ್ಲಿ ಒಂದು ದಿನ ಅಪ್ಪನನ್ನು ತೋರಿಸಲು ಹುಬ್ಬಳ್ಳಿಗೆ ಹೋಗಿದ್ದೆವು. ಬರುವಾಗ ತಡಸದ ಹತ್ತಿರ ಬಾಡಿಗೆ ಕಾರಿನ ಗಾಲಿ ಪಂಕ್ಚರಾಗಿ, ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ದಾರಿಯಲ್ಲಿ ಅಪ್ಪನಿಗೆ ಬಾಳೆಹಣ್ಣು, ಬಿಸ್ಕೀಟು ತಿನ್ನಿಸಿದ್ದೆವು. ಅವ್ವ ಮಾತ್ರ ಮುಂಜಾನೆಯ ಚಹಾ ಬಿಟ್ಟರೆ ಏನೂ ಮುಟ್ಟಿರಲಿಲ್ಲ. "ನೀನೂ ತಿನ್ನಬೇ" ಎಂದರೆ, "ಅವರದು ಊಟ ಆಗ್ಲಿ" ಎಂದಳು. ಮನೆಗೆ ಬಂದವಳೇ ಅನ್ನ ಸಾರು ಮಾಡಿ, ಮೆತ್ತಗೆ ಕಿವುಚಿ ಮಂಚದ ಹತ್ತಿರ ಕೂತಳು.

ಮೊದಲ ತುತ್ತಿಗೇ ಅಪ್ಪ ಮುಖ ತಿರುಗಿಸಿದರು. ಎರಡನೆಯದಕ್ಕೆ ಅವಳ ಕೈ ನೂಕಿದರು.

"ಆಬ್ಸ್ಟಿನೇಟ್."

ಅವ್ವ ನನ್ನ ಕಡೆ ನೋಡಿದಳು. ನಾನು ಓದಿದೆ: "ಹಟಮಾರಿ. ಮೊಂಡ. ಹೇಳಿದ್ದನ್ನು ಕೇಳದ."

"ಯಾರಿಗೆ ಅಂದ್ರಿ? ಮಗಳಿಗೇನ್ರಿ?"

ಅಪ್ಪ ಅಲ್ಲವೆಂದು ತಲೆಯಾಡಿಸಿ, ಸ್ವಾಧೀನವಿದ್ದ ಎಡಗೈ ಎತ್ತಿ ಅವ್ವನ ಕಡೆಗೇ ತೋರಿಸಿದರು.

ಅವ್ವ ತಾಟನ್ನು ಕೆಳಗಿಟ್ಟಳು. ಅಷ್ಟು ತಿಂಗಳು ತಡೆದದ್ದೆಲ್ಲ ಒಮ್ಮೆಲೇ ಬಂತು.

"ಉಣಸಾಕತ್ತೇನಿ, ಮೈ ತೊಳ್ಯಾಕತ್ತೇನಿ, ರಾತ್ರಿ ನಾಕ ಸಲ ಏಳತೇನಿ. ನಾ ಮೊಂಡ ಆದ್ನಿ? ಇಷ್ಟ ಕಾದಿದ್ದಕ್ಕ ನನಗ ಸಿಕ್ಕಿದ್ದು ಈ ಮಾತೇನ್ರಿ? ಇನ್ನ ನಾ ಉಣಸಾಂಗಿಲ್ಲ. ನಿಮ್ಮ ಇಂಗ್ಲಿಷಿಗೇ ಉಣಸಂತ ಹೇಳ್ರಿ."

ಎದ್ದು ಅಡುಗೆಮನೆಯತ್ತ ನಡೆದಳು. ಅವಳನ್ನು ಕರೆಯಲು ನನಗೆ ಧೈರ್ಯವಾಗಲಿಲ್ಲ. ಅಪ್ಪನ ಹಣೆಯಲ್ಲಿ ಬೆವರು ಒಡೆದಿತ್ತು. ಬಾಯಿ ತೆರೆದರು, ಮುಚ್ಚಿದರು. ಕುತ್ತಿಗೆಯ ನರಗಳು ಬಿಗಿದುಕೊಂಡವು.

"ನೀ..."

ಅವ್ವ ಬಾಗಿಲಲ್ಲೇ ನಿಂತಳು.

"ನೀ... ಉಂಡಿಲ್ಲ."

ಅಪ್ಪ ಇನ್ನೊಮ್ಮೆ ಉಸಿರು ಎಳೆದುಕೊಂಡು, ಎಡಗೈಯಿಂದ ನೆಲದ ಮೇಲಿನ ತಾಟು ತೋರಿಸಿ, "ಉಣ್ಣು" ಎಂದರು.

ಅವ್ವ ಅಳುತ್ತಲೇ ಬಂದು ಕೂತಳು. "ಉಣ್ತೇನ್ರಿ, ಉಣ್ತೇನಿ" ಎಂದು ಅದೇ ತಾಟಿಗೆ ಕೈಯಿಟ್ಟಳು. ನನಗೂ ಅಳು ತಡೆಯಲಾಗಲಿಲ್ಲ. ಅವಳು ಒಂದು ತುತ್ತು ಬಾಯಿಗಿಟ್ಟು, ಅಗಿದು ನುಂಗುವವರೆಗೆ ಅಪ್ಪ ನೋಡುತ್ತಲೇ ಇದ್ದರು. ಆಮೇಲೆ ತಾವು ಬಾಯಿ ತೆರೆದರು.