ಹೂವಪ್ಪನ ಆಟೋದ ಹಾರುವ ಓತಿ

ಎರಡು ಸಾವಿರದ ಒಂದರಲ್ಲಿ ನನ್ನ ಮಗಳು ಅಕ್ಷರಾ ಶಾಲೆಗೆ ಹೋಗುತ್ತಿದ್ದುದು ಹೂವಪ್ಪನವರ ಆಟೋದಲ್ಲಿ. ವಿದ್ಯಾನಗರದ ನಮ್ಮ ಬೀದಿಯ ಏಳು ಮಕ್ಕಳಿಂದಲೇ ಅವರ ಸಂಸಾರ ನಡೆಯುತ್ತಿತ್ತು. ಅದಕ್ಕೆ ಮೊದಲು ಮೂವತ್ತು ವರ್ಷ ಅವರು ಆಗುಂಬೆ ಕಡೆ ಮರ ಹತ್ತಿ ಜೇನು ಇಳಿಸುತ್ತಿದ್ದವರು. ಮಂಡಿ ಸೋತ ಮೇಲೆ ಆಟೋ ಕಲಿತರು.

ಮಕ್ಕಳನ್ನು ಅವರು ಕಾಡಿನ ಲೆಕ್ಕದಲ್ಲೇ ಕೂರಿಸುತ್ತಿದ್ದರು. ದೊಡ್ಡ ಮಕ್ಕಳ ತೊಡೆ ಏರಿದವರು ಮರದ ನೆತ್ತಿಯ ಮಂಗಟ್ಟೆ ಹಕ್ಕಿಗಳು. ಸೀಟಿನವರು ಕೊಂಬೆಯ ಸಿಂಗಳೀಕಗಳು. ಎದುರಿನ ಹಲಗೆಯವರು ಕಾಂಡಕ್ಕೆ ಅಂಟಿದ ಓತಿಗಳು. ಬ್ಯಾಗುಗಳ ನಡುವೆ ನೆಲದಲ್ಲಿ ಕೂತವರು ಮೊಲದಷ್ಟೇ ಇರುವ ಪುಟ್ಟ ಜಿಂಕೆಗಳು.

"ಅಮ್ಮಾ, ಓತಿ ಹಾರುತ್ತಂತೆ! ಮಂಗಟ್ಟೆ ಅಮ್ಮ ಪೊಟರೆ ಒಳಗೆ ಕೂತು ಬಾಗಿಲು ಮೆತ್ಕೊಳುತ್ತಂತೆ. ಅಪ್ಪ ಸಂದಿಯಿಂದ ಹಣ್ಣು ಕೊಡುತ್ತಂತೆ."

ನಾನು ಕಾನ್ವೆಂಟಿನವಳು. ಮಳೆಕಾಡೆಂದರೆ ಅಮೆಜಾನ್, ಅದಕ್ಕೆ ನಾಲ್ಕು ಅಂತಸ್ತು, ಅಲ್ಲಿ ಜಾಗ್ವಾರ್ ಎಂದು ಬರೆದು ಹತ್ತಕ್ಕೆ ಹತ್ತು ತೆಗೆದಿದ್ದೆ. ಅದರಲ್ಲಿ ಆಗುಂಬೆ ಇರಲಿಲ್ಲ. ಅಂದಮೇಲೆ ಈ ಮನುಷ್ಯ ಸುಳ್ಳು ಹೇಳುತ್ತಾರೆ. ಸುಳ್ಳು ಹೇಳುವವರು ಕುಡಿಯಲೂಬಹುದು. ಕುಡಿದವರು ಸವಳಂಗ ರಸ್ತೆಯಲ್ಲಿ ಲಾರಿಗೆ ಗುದ್ದಲೂಬಹುದು. ಓತಿಯಿಂದ ಲಾರಿಗೆ ತಲುಪಲು ನನ್ನ ತಲೆಗೆ ಕುಕ್ಕರ್ ಮೂರು ಸಲ ಕೂಗುವಷ್ಟು ಹೊತ್ತು ಸಾಕಾಯಿತು.

ಪಕ್ಕದ ಮನೆಯ ಮೀರಾಗೆ ಹೇಳಿದೆ. ಶುಕ್ರವಾರದೊಳಗೆ ಅಕ್ಷರಾಳೂ ಸೇರಿ ಐದು ಮಕ್ಕಳು ವ್ಯಾನಿಗೆ ಹೋದರು. ಆಟೋದಲ್ಲಿ ಉಳಿದದ್ದು ಇಬ್ಬರು.

ಭಾನುವಾರ ಭದ್ರಾವತಿಯ ತವರಿಗೆ ಹೋಗಿ ನನ್ನ ಜಾಣತನ ಕೊಚ್ಚಿಕೊಂಡೆ. ಅಪ್ಪಾಜಿ ಕಾಗದದ ಕಾರ್ಖಾನೆಗೆ ಬಿದಿರು ತರಿಸಲು ಕಾಡು ಸುತ್ತಿದವರು.

"ಹಾರೋ ಓತಿನಾ? ದಿನಾ ನೋಡ್ತಿದ್ವಲ್ಲೇ! ಪಕ್ಕೆ ಚರ್ಮ ಬಿಚ್ಕೊಂಡು ಮರದಿಂದ ಮರಕ್ಕೆ ತೇಲುತ್ತೆ."

"ಆ ಮಂಗಟ್ಟೆ?"

"ಬಾಗಿಲು ಮೆತ್ಕೊಂಡು ಮರಿ ಕಾಯೋ ತಾಯಿ ಇರಲ್ಲ ಅಂತ ನೀನು ಹೇಳ್ತೀಯಾ, ಮಾರಾಯ್ತಿ? ಪಾಪುಗೆ ಶೀತ ಅಂತ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದ್ದೆಯಲ್ಲ!"

"ನಂಗ್ಯಾಕೆ ಯಾವತ್ತೂ ಹೇಳ್ಲಿಲ್ಲ?"

"ಹೇಳ್ದೆ. 'ಪರೀಕ್ಷೆಗೆ ಬರುತ್ತಾ ಅಪ್ಪಾಜಿ?' ಅಂದೆ ನೀನು."

ಸೋಮವಾರ ಹೂವಪ್ಪನವರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಸೀಟು ಒರೆಸುತ್ತಲೇ ಇದ್ದರು.

"ನಿಮ್ಮ ಪಾಪು ಜಿರಾಫೆ ಚಿತ್ರ ತೋರ್ಸಿದಾಗ ನಾನೂ ಸುಳ್ಳು ಅಂದಿದ್ದೆ, ಮೇಡಂ. ಆದ್ರೆ ನಾನು ಅದನ್ನ ಬೀದಿಗೆಲ್ಲ ಹೇಳ್ಲಿಲ್ಲ."

ಮನೆಮನೆಗೆ ಹೋದೆ. ಮೀರಾ ಬಾಗಿಲಲ್ಲೇ ನಿಲ್ಲಿಸಿದಳು. "ಕುಡೀತಾರೆ ಅಂದ್ರಿ?"

"ಅನ್ಸುತ್ತೆ ಅಂದಿದ್ದೆ. ಅದೂ ತಪ್ಪು. ನಂಗೆ ಗೊತ್ತಿದ್ದ ಕಾಡು ಪುಸ್ತಕದ್ದೊಂದೇ."

"ಚೆನ್ನಾಗಿದೆ ರೀ ನಿಮ್ಮ ಕತೆ!" ಎಂದಳು. ಆದರೂ ಮಗನನ್ನು ಕಳಿಸಿದಳು. ಅಕ್ಷರಾ ಮರಳಿದಳು, ಇನ್ನೊಬ್ಬ ಹುಡುಗಿಯೂ ಬಂದಳು. ಇಬ್ಬರು ವ್ಯಾನಿನಲ್ಲೇ ಉಳಿದರು. ಸುಳ್ಳಿಗೆ ಒಂದು ವಾರ ಸಾಕಾಗಿತ್ತು. ನಿಜಕ್ಕೆ ವರ್ಷವಿಡೀ ಸಾಲಲಿಲ್ಲ.

ಆ ನಷ್ಟ ತುಂಬಲು ಹೂವಪ್ಪ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯತೊಡಗಿದರು. ನಾನು ಅತ್ತ ಹೋದರೆ ಮುಖ ತಪ್ಪಿಸುತ್ತಿದ್ದೆ. ಒಮ್ಮೆ ಅವರೇ ಕೂಗಿ ಹತ್ತಿಸಿಕೊಂಡರು. ಅರ್ಧ ದಾರಿ ನಾನು ಚಿಲ್ಲರೆ ಎಣಿಸುತ್ತ ಕೂತೆ.

"ಹೂವಪ್ಪನೋರೆ, ಸಿಂಗಳೀಕ ಏನು ತಿನ್ನುತ್ತೆ?" ಎಂದೆ ಕೊನೆಗೆ.

"ಅದನ್ನ ಹೇಳ್ತಾ ಹೋದ್ರೆ ಆಟೋ ನಿಮ್ಮನೆ ದಾಟಿ ಹೋಗುತ್ತೆ, ಮೇಡಂ."

"ದಾಟ್ಲಿ ಬಿಡಿ," ಎಂದೆ.